ಬೈಂಡರ್ ಮನೆಯ ಒದ್ದೆ ಗೋಡೆ

ಮಧ್ಯಾಹ್ನ ಎರಡಕ್ಕೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಮೊಣಕಾಲಮಟ್ಟ ನೀರು ನಿಂತು, ಅದರಲ್ಲಿ ಯಾರದೋ ಒಂಟಿ ಚಪ್ಪಲಿ, ಒಂದು ಖಾಲಿ ಡಬ್ಬ, ಟೀಚರಮ್ಮನ ಹಳೆಯ ಗ್ಲೋಬು ಒಂದರ ಹಿಂದೊಂದು ತೇಲುತ್ತಿದ್ದವು. ಕೆಳಗಿದ್ದ ಸಾಮಾನುಗಳನ್ನೆಲ್ಲ ಕೈಯಿಂದ ಕೈಗೆ ಮೇಲೆ ಸಾಗಿಸಿದ್ದಾಗಿತ್ತು. ಹೊರಗೆ ಡೀಸೆಲ್ ಪಂಪು ಗುಡುಗುಡು ಅನ್ನುತ್ತಿತ್ತು. ಕರೆಂಟು ಹೋಗಿತ್ತು. ನೀರು ಇಳಿಯುವ ತನಕ ಮಾಡುವುದಕ್ಕೆ ಬೇರೇನೂ ಇರಲಿಲ್ಲವಾದ್ದರಿಂದ ಕಟ್ಟಡದ ಸೆಕ್ರೆಟರಿ, ಕೆಳಮನೆಯ ಟೈಲರ್, ನಿವೃತ್ತರಾದ ಟೀಚರಮ್ಮ ಮತ್ತು ಮೂರನೇ ಮಹಡಿಯ ನಾನು ಮೆಟ್ಟಿಲುಗಳ ಮೇಲೆ ಒಬ್ಬರ ಕೆಳಗೊಬ್ಬರು ಕೂತೆವು. ಎಲ್ಲರಿಗಿಂತ ಕೆಳಗೆ, ನೀರಿಗೆ ಹತ್ತಿರದ ಮೆಟ್ಟಿಲಿನಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ ಕೂತಿದ್ದವರು ಒಣ ಮೇಸ್ತ್ರಿ.

ಅವರಿಗೆ ಎಪ್ಪತ್ತು ದಾಟಿದೆ. ಮನೆಗಳ ತೇವ ತೆಗೆಯುವುದೊಂದೇ ಅವರ ಜೀವಮಾನದ ಕೆಲಸ; ಅದಕ್ಕೇ ಆ ಹೆಸರು. ಅವರ ಮಾತೂ ಅಷ್ಟೇ ಒಣ ಎಂದು ಟೈಲರ್ ಬೆನ್ನ ಹಿಂದೆ ಹೇಳುವುದುಂಟು.

ಸೆಕ್ರೆಟರಿ ಕೈಲಿದ್ದ ಟಾರ್ಚನ್ನು ಗೋಡೆಯ ಮೇಲೆ ಆಡಿಸುತ್ತ ಹೇಳಿದರು: "ನೀರು ಖಾಲಿಯಾದ ಮೇಲೆ ಒಳಗಡೆಯಿಂದ ಎರಡು ಕೋಟು ಒಳ್ಳೆ ವಾಟರ್‌ಪ್ರೂಫ್ ಬಣ್ಣ ಹೊಡೆದುಬಿಡಿ ಮೇಸ್ತ್ರಿ. ಮುಗೀತು ತಾನೆ?"

ಮೇಸ್ತ್ರಿ ನೀರಿನ ಮಟ್ಟವನ್ನೇ ನೋಡುತ್ತಿದ್ದರು.

"ಒಳಗಿಂದ ಹೊಡೆಯೋ ಬಣ್ಣ ಗೋಡೆಗೆ ಹೊಡೆಯೋದಲ್ಲ ಸಾರ್, ನೋಡೋರ ಕಣ್ಣಿಗೆ ಹೊಡೆಯೋದು. ನಾನೂ ಒಂದ್ಸಲ ಹೊಡೆದೆ. ಅದನ್ನ ಸತ್ತೋರೊಬ್ರು ಬಂದು ಕೆರೆದು ತೆಗೆದ್ರು."

ಟೈಲರ್ ನಗುವುದಕ್ಕೆ ಬಾಯಿ ತೆರೆದವನು, ಮೇಸ್ತ್ರಿಯ ಮುಖ ನೋಡಿ ಹಾಗೇ ಮುಚ್ಚಿಕೊಂಡ. ಟೀಚರಮ್ಮ ಶಾಲನ್ನು ಕಿವಿಯ ಮೇಲೆ ಎಳೆದುಕೊಂಡು, "ಅರ್ಧ ಹೇಳಿ ಬಿಡಬೇಡಿ. ಇನ್ನೆರಡು ಗಂಟೆ ಇಲ್ಲೇ ಕೂರಬೇಕಲ್ಲ, ಪೂರ್ತಿ ಹೇಳಿ" ಅಂದರು.

ಮೇಸ್ತ್ರಿ ಹೇಳಿದರು. ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

*

ನನಗಾಗ ಇಪ್ಪತ್ತೇಳು ವರ್ಷ. ಸ್ವಂತವಾಗಿ ಕೆಲಸ ಹಿಡಿಯೋಕೆ ಶುರು ಮಾಡಿ ಎರಡು ವರ್ಷ ಆಗಿತ್ತಷ್ಟೆ. ಗೋಡೆ ಮೇಲೆ ಕೈಯಿಟ್ರೆ ಸಾಕು, ನೀರು ಎಲ್ಲಿಂದ ಬರ್ತಿದೆ ಅಂತ ಹೇಳಿಬಿಡ್ತೀನಿ ಅನ್ನೋ ಜಂಬ ಬೇರೆ... ಆ ವಯಸ್ಸಲ್ಲಿ ಯಾರಿಗಿರಲ್ಲ ಹೇಳಿ? ಆಗ ಬೈಂಡರ್ ಮನೆಯಿಂದ ಕರೆ ಬಂತು.

ಪುಸ್ತಕ ಹೊಲಿದು ರಟ್ಟು ಹಾಕೋ ಕೆಲಸ ಅವರದು. ಮೇಲೆ ಮನೆ, ಕೆಳಗೆ ನೆಲಮಾಳಿಗೇಲಿ ಕೆಲಸದ ಜಾಗ. ಒಂದು ಉದ್ದನೆ ಮೇಜು, ಕಾಗದ ಕತ್ತರಿಸೋ ಮೆಷೀನು, ಪುಸ್ತಕ ಒತ್ತಿಡೋ ತಿರುಪಿನ ಪ್ರೆಸ್ಸು, ಸುತ್ತ ಗೋಡೆಗೆ ಅಂಟಿಸಿದ ಹಾಗೆ ಕಪಾಟು... ಒಂದು ಕಿಟಕಿ ಇತ್ತು, ಅದಕ್ಕೂ ಅಡ್ಡ ಕಪಾಟು. ಗಂಡ ಹೆಂಡ್ತಿ ಇಬ್ರೂ ದುಡೀತಿದ್ರು. ಕತ್ತರಿಸೋದು, ರಟ್ಟು ಹಾಕೋದು ಯಜಮಾನರದು. ಕಾಗದ ಮಡಚೋದು, ಹೊಲಿಯೋದು ಅಮ್ಮನದು. ಮಡಚಿದ ಗೆರೆ ಗಟ್ಟಿಯಾಗಿ ಕೂರ್ಬೇಕಲ್ಲ, ಅದಕ್ಕೆ ಆ ಅಮ್ಮನ ಕೈಲಿ ಯಾವಾಗ್ಲೂ ಒಂದು ಮೂಳೆ ಪಟ್ಟಿ ಇರ್ತಿತ್ತು. ಗೇಣುದ್ದ, ಚಪ್ಪಟೆ, ಉಜ್ಜಿ ಉಜ್ಜಿ ಗಾಜಿನಂಗೆ ನುಣ್ಣಗಾಗಿತ್ತು. ಕೆರ್... ಕೆರ್... ಅಂತ ಸದ್ದು. ನಮ್ಮ ಜೊತೆ ಮಾತಾಡ್ವಾಗ್ಲೂ ಆ ಕೈ ನಿಲ್ತಿರಲಿಲ್ಲ.

ಒಳಗೆ ಕಾಲಿಟ್ಟ ಕೂಡ್ಲೇ ಮೂಗಿಗೆ ಬಡೀತು ವಾಸನೆ. ಒದ್ದೆ ಬಟ್ಟೆ ನಾಲ್ಕು ದಿನ ಮುದುರಿಟ್ರೆ ಬರತ್ತಲ್ಲ, ಅದು. ಹಿಂದಿನ ಗೋಡೆ ತುಂಬ ಬಿಳೀ ಉಪ್ಪು ಹತ್ತಿ ಥರ ಅರಳಿತ್ತು. ಮೂಲೇಲಿ ಕಪ್ಪು ಬೂಷ್ಟು. ಕಪಾಟಿನ ಹಿಂದೆ ಇಟ್ಟಿದ್ದ ಕಾಗದದ ರೀಮುಗಳು ಹಪ್ಪಳದ ಥರ ಅಲೆ ಅಲೆಯಾಗಿ ಎದ್ದಿದ್ವು. ಆ ಅಮ್ಮ ಆ ಗೋಡೆಗೇ ಬೆನ್ನು ಕೊಟ್ಟು ಕೂತಿದ್ರು. ಮಾತಾಡೋಕೆ ಮುಂಚೆ ಎರಡು ಸಲ ಕೆಮ್ಮಿದ್ರು.

"ನೋಡು ತಮ್ಮಾ," ಅಂದ್ರು, "ಬಣ್ಣ ಬಳಿಯೋಕೆ ನಿನ್ನ ಕರೆಸಿಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ನೋಡು. ಮಳೆ ಬಂದು ಅರ್ಧ ಗಂಟೆಗೆ ಮೊದಲು ನೆನೆಯೋದು ಈ ಎಡಗಡೆ ಮೂಲೆ. ಅಲ್ಲಿಂದ ಹರಡ್ಕೊಂಡು ಬರತ್ತೆ. ಹತ್ತು ವರ್ಷದಿಂದ ನೋಡ್ತಿದ್ದೀನಿ. ಹೊರಗಡೆ ಈ ಮೂಲೆ ಎಲ್ಲಿ ಬರತ್ತೋ ಅಲ್ಲಿ ಅಗೆದು ನೋಡು."

ನಾನು ಹೊರಗಡೆ ಹೋಗಿ ನೋಡಿದೆ. ಸೂರಿನ ನೀರೆಲ್ಲ ಅಂಚಿನ ತಗಡಿನ ದೋಣಿಗೆ ಬಿದ್ದು, ಅಲ್ಲಿಂದ ಪೈಪಲ್ಲಿ ಇಳಿದು, ಸರಿಯಾಗಿ ಅದೇ ಮೂಲೇಲಿ ಮಣ್ಣೊಳಗೆ ಹೋಗ್ತಿತ್ತು. ಮಣ್ಣೊಳಗೆ ಹೋದ ಮೇಲೆ ಆ ಪೈಪು ಎಲ್ಲಿಗೆ ಹೋಗತ್ತೆ ಅಂತ ಯಾರಿಗೂ ಗೊತ್ತಿಲ್ಲ. ಸುತ್ತ ಹೂವಿನ ಪಾತಿ, ನೆಲ ಗೋಡೆ ಕಡೆಗೇ ವಾಲಿಕೊಂಡಿತ್ತು. ಕಣ್ಣಿದ್ದೋರಿಗೆ ಅಷ್ಟು ಸಾಕು. ಆಯಮ್ಮ ಹೇಳಿದ್ದು ನೂರಕ್ಕೆ ನೂರು ಸರಿ ಅಂತ ನನಗೆ ಅಲ್ಲೇ, ನಿಂತ ಜಾಗದಲ್ಲೇ ಗೊತ್ತಾಯ್ತು... ಇದನ್ನ ಜ್ಞಾಪಕ ಇಟ್ಕೊಳ್ಳಿ. ಗೊತ್ತಾಗಿತ್ತು.

ಯಜಮಾನರು ನನ್ನ ಪಕ್ಕಕ್ಕೆ ಕರೆದ್ರು. ಕೆಟ್ಟೋರಲ್ಲ, ಗಾಬರಿ ಮನುಷ್ಯ. "ಲೈಬ್ರರಿಯ ಎಂಟುನೂರು ಪುಸ್ತಕ ಬಂದು ಬಿದ್ದಿದೆ ಮೇಸ್ತ್ರಿ, ತಿಂಗಳೊಳಗೆ ಕೊಡಬೇಕು. ಈಗ ಅಗೆಯೋದು ಒಡೆಯೋದು ಅಂತ ಹೊರಟ್ರೆ ಕೆಲಸ ಕೆಟ್ಟು ಕೂರತ್ತೆ. ಸದ್ಯಕ್ಕೆ ಒಂದು ಬಣ್ಣ ಹೊಡೆದು ಕೊಡಿ. ಬೇಸಿಗೇಲಿ ಪೂರ್ತಿ ಮಾಡಿಸೋಣ. ಅವಳಿಗೆ ನಾನು ಹೇಳ್ತೀನಿ."

ನನಗೂ ಬೇರೆ ಕಡೆ ಕೆಲಸ ಕಾಯ್ತಿತ್ತು. "ಆಯ್ತು ಸಾರ್" ಅಂದೆ. ಉಪ್ಪು ಕೆರೆದು, ಬೂಷ್ಟು ಒರೆಸಿ, ಎರಡು ಕೋಟು ದಪ್ಪನೆ ಬಣ್ಣ ಹೊಡೆದೆ. ಗೋಡೆ ಆಗ ತಾನೆ ಮುಖ ತೊಳೆದು ಬಂದೋರ ಹಾಗೆ ಫಳಫಳ ಅನ್ನೋಕೆ ಶುರುವಾಯ್ತು. ಯಜಮಾನರು ಬೆನ್ನು ತಟ್ಟಿದ್ರು. ಆ ಅಮ್ಮ ಎದ್ದು ಬಂದು ಗೋಡೆ ಮೇಲೆ ಅಂಗೈ ಇಟ್ಟು ನಿಂತ್ರು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ...

"ಗೊತ್ತಿದ್ದೂ ಮಾಡಿದೆ ಅಲ್ವಾ ತಮ್ಮಾ?" ಅಂದ್ರು.

ಬೈದಿದ್ರೆ ಮರೆತು ಹೋಗ್ತಿತ್ತು. ಬೈಯಲಿಲ್ಲ ನೋಡಿ, ಅದಕ್ಕೇ ಇವತ್ತಿಗೂ ಕಿವೀಲಿದೆ.

ಬೇಸಿಗೆ ಬಂತು, ಹೋಯ್ತು. ಅವರು ಕರೀಲಿಲ್ಲ, ನಾನೂ ಹೋಗಲಿಲ್ಲ. ಮೂರು ವರ್ಷ ಆಯ್ತು. ಒಂದಿನ ನಾನು ಒಂದು ಮನೆಯ ಪಾಯದ ಹತ್ರ ಜಲ್ಲಿ ತುಂಬಿಸ್ತಿದ್ದೆ, ಒಬ್ಬಳು ಹುಡುಗಿ ಬಂದು ನಿಂತ್ಳು. ಹತ್ತೊಂಬತ್ತು ಇಪ್ಪತ್ತು ಇರ್ಬೇಕು. ಬೆರಳ ತುದಿಗೆಲ್ಲ ಅಂಟು ಒಣಗಿ ಬಿಳಿಯಾಗಿತ್ತು. ಅದನ್ನ ನೋಡಿಯೇ ಗೊತ್ತಾಯ್ತು, ಬೈಂಡರ್ ಮಗಳು ಅಂತ.

"ಅಮ್ಮ ಹೋಗಿ ವರ್ಷ ಆಯ್ತು ಅಣ್ಣ," ಅಂದ್ಳು. "ಎದೆ ಕಟ್ಕೊಳ್ತಿತ್ತು. ಡಾಕ್ಟರು ಆ ಕೆಳಗಿನ ಕೋಣೇಲಿ ಕೂರಬೇಡಿ ಅಂದ್ರು. ಕೆಲಸ ಇತ್ತಲ್ಲ, ಕೂತ್ರು. ಈಗ ಆ ಜಾಗದಲ್ಲಿ ನಾನು ಕೂರ್ತೀನಿ."

ಅಷ್ಟು ಹೇಳೋಷ್ಟರಲ್ಲಿ ಅವಳೂ ಎರಡು ಸಲ ಕೆಮ್ಮಿದ್ಳು.

ನಾನು ಕೈಲಿದ್ದ ಜಲ್ಲಿ ಬುಟ್ಟಿ ಕೆಳಗಿಟ್ಟೆ. ಅವಳೇ ಮುಂದುವರಿಸಿದ್ಳು. "ನೀವು ಹೊಡೆದ ಬಣ್ಣ ಹೋಗ್ತಿದೆ. ಉದುರಿ ಹೋಗ್ತಿರೋದಲ್ಲ ಅಣ್ಣ... ಯಾರೋ ಕೆರೀತಿದ್ದಾರೆ."

ಇಲಿ ಇರ್ಬೇಕು ಅಂದುಕೊಂಡೇ ಹೋದೆ. ಅದೂ ಅಲ್ಲದಿದ್ರೆ ಉಪ್ಪು. ಒಳಗಿಂದ ಬಣ್ಣ ಹೊಡೆದು ಮುಚ್ಚಿದ್ರೆ ನೀರೇನು ವಾಪಸ್ಸು ಹೋಗತ್ತಾ? ಬಣ್ಣದ ಹಿಂದೆ ನಿಲ್ಲತ್ತೆ, ತಳ್ಳತ್ತೆ, ಗುಳ್ಳೆ ಎಬ್ಬಿಸತ್ತೆ, ಹಕ್ಕಳೆ ಹಕ್ಕಳೆಯಾಗಿ ಬೀಳಿಸತ್ತೆ. ಅದು ಎಲ್ಲಾ ಕಡೆ ಆಗೋದೇ. ಆದ್ರೆ ಅಲ್ಲಿ ಹೋಗಿ ದೀಪ ಹಿಡಿದು ನೋಡ್ತೀನಿ... ಗುಳ್ಳೆ ಇಲ್ಲ, ಹಕ್ಕಳೆ ಇಲ್ಲ. ಬೆರಳಗಲ ಗೆರೆಗಳು. ನೆಟ್ಟಗೆ, ಒಂದರ ಪಕ್ಕ ಒಂದು, ಅಂಚು ಒರಟಿಲ್ಲದ ಹಾಗೆ, ಯಾರೋ ತಾಳ್ಮೆಯಿಂದ ಕೂತು ಕೆರೆದ ಹಾಗೆ. ಗೋಡೆ ಬುಡದಲ್ಲಿ ಬಣ್ಣದ ಪುಡಿ. ಪುಡಿ ಮೇಲೆ ಆ ಮೂಳೆ ಪಟ್ಟಿ.

"ಇದನ್ನ ದಿನಾ ಸಂಜೆ ಮೇಜಿನ ಡ್ರಾಯರಲ್ಲಿ ಇಟ್ಟು ಬೀಗ ಹಾಕ್ತೀನಿ ಅಣ್ಣ," ಅಂದ್ಳು ಹುಡುಗಿ. "ಮಳೆ ಬಂದ ದಿನ ಕೆಳಗಿರತ್ತೆ."

ಯಜಮಾನರು ಅರ್ಧ ಮೆಟ್ಟಿಲಲ್ಲಿ ಕೂತಿದ್ರು. ಕೆಳಗೆ ಬರಲೂ ಇಲ್ಲ, ಮೇಲೆ ಹೋಗಲೂ ಇಲ್ಲ. ನನ್ನ ನೋಡಿ ತಲೆ ತಗ್ಗಿಸಿದ್ರು. ನಾನೂ ತಗ್ಗಿಸಿದೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡೋ ಧೈರ್ಯ ಇರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಪರೀಕ್ಷೆ ಇದೆ. ಒದ್ದೆ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪು ಅಂಟಿಸಿಬಿಡೋದು. ಒಂದು ದಿನ ಬಿಟ್ಟು ನೋಡೋದು. ಹಾಳೆ ಹಿಂದೆ, ಗೋಡೆ ಕಡೆ ಹನಿ ಕೂತಿದ್ರೆ ನೀರು ಹೊರಗಿನ ಮಣ್ಣಿಂದ ಬರ್ತಿದೆ ಅಂತ. ಹಾಳೆ ಮುಂದೆ, ಕೋಣೆ ಕಡೆ ಕೂತಿದ್ರೆ ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದ್ರೆ ಸರಿಹೋಗತ್ತೆ ಅಂತ. ನೀವೂ ಮಾಡಿ ನೋಡಬಹುದು, ಕಷ್ಟ ಏನಿಲ್ಲ. ಅವತ್ತು ಹಾಳೆ ಅಂಟಿಸಿ, ಎಲ್ಲರನ್ನೂ ಮೇಲೆ ಕಳಿಸಿ, ಕೋಣೆಗೆ ಬೀಗ ಹಾಕಿ ಕೀಲಿ ನನ್ನ ಜೇಬಿಗೇ ಹಾಕ್ಕೊಂಡು ಹೋದೆ.

ಮಾರನೇ ದಿನ ಬೆಳಿಗ್ಗೆ ಬಂದು ನೋಡಿದೆ. ಹಾಳೆ ಹಿಂದೆ ಹನಿ ಧಾರಾಳವಾಗಿತ್ತು. ಅದು ಗೊತ್ತಿದ್ದಿದ್ದೇ. ಆದ್ರೆ ಮುಂದುಗಡೆ... ಮುಂದುಗಡೆ ಪೂರ್ತಿ ಒಣಗಿತ್ತು, ಒಂದೇ ಒಂದು ಜಾಗ ಬಿಟ್ಟು. ಅಂಗೈ ಅಗಲ, ದುಂಡಗೆ, ಮಬ್ಬು. ಚಳೀಲಿ ಕನ್ನಡಿ ಹತ್ರ ಬಾಯಿ ತಂದು ಉಸಿರು ಬಿಟ್ರೆ ಆಗತ್ತಲ್ಲ, ಹಾಗೆ. ಸ್ಟೂಲಿನ ಮೇಲೆ ಕೂತೋರ ಮುಖ ಎಷ್ಟು ಎತ್ತರಕ್ಕೆ ಬರತ್ತೋ ಸರಿಯಾಗಿ ಅಷ್ಟು ಎತ್ತರದಲ್ಲಿ.

ನಾನು ನೋಡ್ತಾ ಇದ್ದ ಹಾಗೇ ಅದು ಸ್ವಲ್ಪ ಆರಿ ಸಣ್ಣದಾಯ್ತು... ಮತ್ತೆ ದೊಡ್ಡದಾಯ್ತು.

*

ಇಲ್ಲಿ ಮೇಸ್ತ್ರಿ ನಿಲ್ಲಿಸಿದರು. ಪಂಪಿನ ಪೈಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಕೈ ಹಾಕಿ ತೆಗೆದು ಮೆಟ್ಟಿಲ ಮೇಲೆ ಹಿಂಡಿದರು. "ಓಡಿಹೋಗಲಿಲ್ವಾ ನೀವು?" ಎಂದು ಟೈಲರ್ ಸಣ್ಣ ದನಿಯಲ್ಲಿ ಕೇಳಿದ. ಸೆಕ್ರೆಟರಿ ಟಾರ್ಚನ್ನು ಗೋಡೆಯಿಂದ ತೆಗೆದು ತಮ್ಮ ಕಾಲ ಮೇಲೆ ಬಿಟ್ಟುಕೊಂಡಿದ್ದರು.

*

ಓಡೋಕೆ ಕಾಲು ಬೇಕಲ್ಲಪ್ಪ, ಅದು ನನ್ನ ಮಾತು ಕೇಳ್ತಿರಲಿಲ್ಲ. ಆದ್ರೆ ನಿಜ ಹೇಳ್ತೀನಿ, ಹೆದರಿಕೆಗಿಂತ ಜಾಸ್ತಿ ನಾಚಿಕೆ ಆಯ್ತು. ಅವರು ಯಾರ ಕುತ್ತಿಗೆ ಹಿಸುಕೋಕೂ ಬಂದಿರಲಿಲ್ಲ. ನಾನು ಮುಚ್ಚಿಟ್ಟಿದ್ದನ್ನ ಬಿಚ್ಚಿ ತೋರಿಸ್ತಿದ್ರು, ಅಷ್ಟೆ.

ಅವತ್ತು ಮಧ್ಯಾಹ್ನ ಮಳೆ ಹಿಡೀತು. ಹುಡುಗಿ ಲೈಬ್ರರಿಗೆ ಪುಸ್ತಕ ತಲುಪಿಸೋಕೆ ಹೋಗಿದ್ಳು. ನಾನೊಬ್ನೇ ಆ ಗೋಡೆ ಮುಂದೆ ಕೂತೆ. ಅರ್ಧ ಗಂಟೆ ಆಗಿರ್ಬೇಕು... ಕೆರ್... ಅಂತು. ಕಿವಿ ಹತ್ರಾನೇ. ಕೆರ್... ಕೆರ್... ಕಣ್ಣೆದುರಿಗೇ ಬಣ್ಣ ಸುರುಳಿ ಸುತ್ಕೊಂಡು ಉದುರ್ತಿದೆ, ಕೈ ಕಾಣ್ತಿಲ್ಲ. ಮೂಳೆ ಪಟ್ಟಿ ಮಾತ್ರ ಗೋಡೆಗೆ ಆನಿಕೊಂಡು ಜರುಗ್ತಿದೆ. ಗೆರೆ ಎಡಕ್ಕೆ ಹೋಯ್ತು, ಮೂಲೆ ಮುಟ್ತು, ಕೆಳಕ್ಕೆ ಇಳೀತು, ನೆಲದಿಂದ ಒಂದು ಮೊಳ ಮೇಲೆ ನಿಂತ್ಕೊಂಡ್ತು. ಅಲ್ಲೇ ಒಂದು ಸುತ್ತು ಹಾಕ್ತು. ಪಾಠ ಹೇಳೋರು ತಪ್ಪಿಗೆ ಸುತ್ತು ಹಾಕ್ತಾರಲ್ಲ ಟೀಚರಮ್ಮ, ಹಾಗೆ. ಪಟ್ಟಿ ಟಕ್ಕಂತ ನೆಲಕ್ಕೆ ಬಿತ್ತು.

ಎದ್ದೆ. ಹಾರೆ, ಗುದ್ದಲಿ ತಗೊಂಡು ಮಳೇಲೇ ಹೊರಗೆ ಓಡಿದೆ. ಆ ಮೂಲೇಲಿ ಹೂವಿನ ಪಾತಿ ಕಿತ್ತು ಹಾಕಿ ಅಗೆದೆ. ಎದೆಮಟ್ಟಕ್ಕೆ ಇಳಿದಾಗ ಗುದ್ದಲಿಗೆ ಮಣ್ಣಿನ ಪೈಪು ಸಿಕ್ತು. ಯಾವ ಕಾಲದಲ್ಲೋ ಎರಡು ತುಂಡಾಗಿ, ಒಂದು ತುಂಡು ಗೋಡೆ ಕಡೆಗೆ ಬಾಯಿ ತಿರುಗಿಸ್ಕೊಂಡು ಮಲಗಿತ್ತು. ಇಡೀ ಸೂರಿನ ನೀರು, ಒಂದು ಹನಿ ಬಿಡದೆ, ಆ ಬಾಯಿಂದ ಗೋಡೆಗೆ ಬಡೀತಿತ್ತು. ಆ ಅಮ್ಮ ಹೇಳಿದ ಜಾಗ. ಒಂದು ಬೆರಳು ಆಚೆ ಈಚೆ ಇಲ್ಲ. ಮೂರು ವರ್ಷದ ಹಿಂದೆ ಆ ನೀರು ತಪ್ಪಿಸೋದು ಒಂದೇ ದಿನದ ಕೆಲಸ ಆಗಿತ್ತು... ಒಂದೇ ದಿನ.

ಯಜಮಾನರು ಕೊಡೆ ಹಿಡ್ಕೊಂಡು ಬಂದು ಗುಂಡಿ ಅಂಚಲ್ಲಿ ನಿಂತ್ರು. ಕೆಳಗೆ ಬಗ್ಗಿ ನೋಡಿದ್ರು. ಕೊಡೆ ಯಾವಾಗ ಕೈಯಿಂದ ಜಾರ್ತೋ ಅವರಿಗೇ ಗೊತ್ತಿಲ್ಲ.

"ಎಷ್ಟು ಸಲ ಕೇಳಿದ್ಳು ಗೊತ್ತಾ ಮೇಸ್ತ್ರಿ?" ಅಂದ್ರು. "ಪ್ರತಿ ಸಲಾನೂ ಆಯ್ತು ಆಯ್ತು ಅಂದೆ. ಆಗಲ್ಲ ಅಂತ ಒಂದ್ಸಲ ಅಂದಿದ್ರೂ ಜಗಳ ಆಡಿ ಮಾಡಿಸ್ಕೊಳ್ಳೋಳು."

ಆಮೇಲೆ ಕೆಲಸ ಶುರು ಮಾಡಿದೆ. ಈ ಸಲ ಯಾವ ಅರ್ಜೆಂಟೂ ಇಲ್ಲ. ಗೋಡೆಯ ಹೊರಮೈ ಪಾಯದವರೆಗೂ ಬಿಚ್ಚಿದೆ, ತೊಳೆದೆ, ಬಿರುಕಿಗೆಲ್ಲ ಗಾರೆ ತುಂಬಿ, ಒಣಗಿಸಿ, ಮೇಲೆ ಡಾಂಬರು ಬಳಿದೆ. ಬುಡದಲ್ಲಿ ತೂತಿನ ಪೈಪು ಇಟ್ಟು, ಅದರ ಸುತ್ತ ಜಲ್ಲಿ ಸುರಿದು, ನೀರಿಗೆ ದಾರಿ ಮಾಡಿಕೊಟ್ಟೆ. ನೀರು ಹಟ ಮಾಡಲ್ಲ ಸಾರ್, ದಾರಿ ತೋರಿಸಿದ್ರೆ ಹೊರಟು ಹೋಗತ್ತೆ. ಸೂರಿನ ನೀರನ್ನ ಬೇರೆ ಪೈಪಲ್ಲಿ ಮನೆಯಿಂದ ಹದಿನೈದು ಅಡಿ ಆಚೆ ಬಿಟ್ಟೆ. ಮಣ್ಣು ಮುಚ್ಚಿ ನೆಲ ಹೊರಗಡೆಗೆ ಇಳಿಜಾರು ಮಾಡಿದೆ. ಒಳಗಡೆ ನನ್ನ ಬಣ್ಣಾನೆಲ್ಲ ನಾನೇ ಕೆರೆದು ತೆಗೆದೆ. ಕಪಾಟನ್ನ ಗೋಡೆಯಿಂದ ಗೇಣು ದೂರ ಸರಿಸಿ, ಕಿಟಕಿ ತೆರೆದೆ. ಆ ಕಿಟಕಿ ಎಷ್ಟು ವರ್ಷದಿಂದ ಮುಚ್ಚಿತ್ತೋ ಏನೋ, ಕೀಲು ಬಿಡಿಸೋಕೆ ಅರ್ಧ ಗಂಟೆ ಬೇಕಾಯ್ತು. ಬಿಸಿಲು ಬಂದು ಆ ಅಮ್ಮ ಕೂರ್ತಿದ್ದ ಸ್ಟೂಲಿನ ಮೇಲೆ ಬಿತ್ತು. ಹುಡುಗಿ ಅಲ್ಲಿಂದ ಎದ್ದು ಮೇಲೆ ಹೋಗಿ ತುಂಬಾ ಹೊತ್ತು ಬರಲಿಲ್ಲ.

ಗೋಡೆ ಒಣಗೋಕೆ ಎರಡು ತಿಂಗಳು ಹಿಡೀತು. ನಡುವೆ ನಾಲ್ಕು ಸಲ ಜೋರು ಮಳೆ ಬಂತು. ಒಂದು ಹನಿ ಇಲ್ಲ. ಸದ್ದೂ ಇಲ್ಲ. ಮೂಳೆ ಪಟ್ಟಿ ಇಟ್ಟಲ್ಲೇ ಇರ್ತಿತ್ತು. ಹುಡುಗಿ ಕೆಮ್ಮು ಕಮ್ಮಿ ಆಗ್ತಾ ಬಂತು. ಇನ್ನೇನು ಬೇಕು ಹೇಳಿ? ಕತೆ ಅಲ್ಲಿಗೆ ಮುಗೀಬೇಕಿತ್ತು.

ಹುಡುಗಿ ಮತ್ತೆ ಬಂದ್ಳು. "ಅಣ್ಣ, ಗೋಡೆ ಒದ್ದೆ ಆಗಿದೆ."

ಹೋಗಿ ನೋಡಿದೆ. ಹತ್ತು ದಿನದಿಂದ ಮಳೆ ಇಲ್ಲ. ಹೊರಗಡೆ ಜಲ್ಲಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಾಳೆ ಅಂಟಿಸಿ ನೋಡಿದೆ, ಹಿಂದೆ ಮುಂದೆ ಎರಡೂ ಕಡೆ ಒಣ. ಆದ್ರೂ ಪಕ್ಕದಲ್ಲೇ, ಎದೆಮಟ್ಟದಲ್ಲಿ ಒಂದು ಒದ್ದೆ ಕಲೆ. ನೆಲದ ತೇವ ಆದ್ರೆ ಕೆಳಗಿಂದ ಮೇಲಕ್ಕೆ ಹತ್ತತ್ತೆ. ಬಿರುಕಿನ ನೀರಾದ್ರೆ ಬಿರುಕಿನ ಉದ್ದಕ್ಕೂ ಜಿನುಗತ್ತೆ. ಇದು ಮೇಲೆ ಅಗಲವಾಗಿ ಕೆಳಗೆ ಧಾರೆ ಧಾರೆಯಾಗಿ ಇಳಿದಿತ್ತು. ಯಾರೋ ಎರಚಿದ ಹಾಗೆ.

ಮಾರನೇ ದಿನ ಬೆಳಿಗ್ಗೆ ಬೇಗ ಬಂದು ಪ್ರೆಸ್ಸಿನ ಹಿಂದೆ ಕೂತೆ. ಆರೂವರೆಗೆ ಯಜಮಾನರು ಮೆಟ್ಟಿಲಿಳಿದು ಬಂದ್ರು. ಕೈಲೊಂದು ಚೊಂಬು. ಗೋಡೆ ಮುಂದೆ ನಿಂತು ಒಂದು ಕ್ಷಣ ಯೋಚನೆ ಮಾಡಿ, ನೀರನ್ನ ಎರಚಿದ್ರು. ಆಮೇಲೆ ಗೋಡೆಗೆ ಕಿವಿ ಕೊಟ್ಟು ನಿಂತ್ರು. ಕಣ್ಣು ಮುಚ್ಚಿ... ಉಸಿರು ಬಿಗಿಹಿಡಿದು...

ನಾನು ಎದ್ದು ಬಂದೆ. ಅವರು ಗಾಬರಿಯೂ ಆಗಲಿಲ್ಲ. "ಸದ್ದು ನಿಂತು ಹೋಯ್ತಲ್ಲ ಮೇಸ್ತ್ರಿ," ಅಂದ್ರು. "ಗೋಡೆ ಒದ್ದೆ ಇದ್ದಾಗ ಬರ್ತಿದ್ಳು. ನಾನು ಮೆಟ್ಟಿಲ ಮೇಲೆ ಕೂತು ಕೇಳ್ತಿದ್ದೆ. ಇಪ್ಪತ್ತೆರಡು ವರ್ಷ ಅದೇ ಸದ್ದು ಕೇಳ್ಕೊಂಡು ಕೆಲಸ ಮಾಡಿದೋನು ನಾನು. ನೀವು ಗೋಡೆ ಒಣಗಿಸಿಬಿಟ್ರಿ... ಇನ್ನು ಅವಳಿಗೆ ಇಲ್ಲಿ ಏನು ಕೆಲಸ?"

ನನ್ನ ಹತ್ರ ಗಾರೆ ಇತ್ತು, ಡಾಂಬರು ಇತ್ತು. ಇದಕ್ಕೆ ಏನಿತ್ತು?

ಅಷ್ಟರಲ್ಲಿ ಹಿಂದುಗಡೆ ಮೆಟ್ಟಿಲ ಹತ್ರ ಕೆಮ್ಮಿದ ಸದ್ದಾಯ್ತು. ಎರಡು ಸಲ. ಯಜಮಾನರ ಮುಖ ನೀವು ನೋಡಬೇಕಿತ್ತು. ಇಷ್ಟಗಲ ಆಯ್ತು. ದೀಪ ಹಚ್ಚಿದ ಹಾಗಾಯ್ತು. "ಬಂದ್ಯಾ?" ಅಂತ ತಿರುಗಿದ್ರು.

ಮಗಳು ನಿಂತಿದ್ಳು. ವಾರದಿಂದ ಗೋಡೆ ಒದ್ದೆ ಇತ್ತಲ್ಲ, ಕೆಮ್ಮು ಮತ್ತೆ ಹಿಡಿದಿತ್ತು.

ಆಮೇಲೆ ಆ ಮನುಷ್ಯ ಮೆಲ್ಲಗೆ ಅಂದ್ರು... "ನಿನ್ನ ಕೆಮ್ಮೂ ಅವಳ ಥರಾನೇ ಇದೆಯಲ್ಲೇ." ಅಷ್ಟೆ. ಚೊಂಬನ್ನ ಮೇಜಿನ ಮೇಲೆ ಬೋರಲು ಹಾಕಿದ್ರು. ತಮ್ಮ ಹೆಗಲ ಮೇಲಿದ್ದ ಟವೆಲ್ಲಲ್ಲೇ ಗೋಡೆ ಒರೆಸೋಕೆ ಶುರು ಮಾಡಿದ್ರು. ಹುಡುಗಿ ಹೋಗಿ ಅವರ ಕೈಯಿಂದ ಟವೆಲ್ ಇಸ್ಕೊಂಡು ತಾನು ಒರೆಸಿದ್ಳು. ಅಪ್ಪನ್ನ ಬೈಲೇ ಇಲ್ಲ ಅವಳು. ಅಮ್ಮನ ಥರಾನೇ.

ಅದಾದ ಮೇಲೆ ಹನ್ನೆರಡು ವರ್ಷ ಬದುಕಿದ್ರು ಯಜಮಾನರು. ಒಂದು ದಿನಾನೂ ಆ ಗೋಡೆಗೆ ಒಂದು ಹನಿ ನೀರು ಹಾಕಲಿಲ್ಲ. ನಾನು ಪ್ರತಿ ವರ್ಷ ಮಳೆಗೆ ಮುಂಚೆ ಹೋಗಿ ದೋಣಿಯ ಎಲೆ ಕಸ ತೆಗೆದು, ಪೈಪು ನೋಡಿ ಬರ್ತಿದ್ದೆ. ಕೂಲಿಗಲ್ಲ... ಅದು ನನ್ನ ಬಾಕಿ ಕೆಲಸ. ಹೋದಾಗೆಲ್ಲ ಯಜಮಾನರು 'ಗೋಡೆ ಚೆನ್ನಾಗಿದೆ ಮೇಸ್ತ್ರಿ, ಚೆನ್ನಾಗಿ ಒಣಗಿದೆ' ಅಂತ ಹೇಳೋರು. ಹೇಳ್ತಾ ಅದರ ಮೇಲೆ ಅಂಗೈ ಇಟ್ಕೊಂಡೇ ನಿಂತಿರೋರು. ಒಂದು ಬೇಸಿಗೇಲಿ ಮಧ್ಯಾಹ್ನ ಮಲಗಿದೋರು ಏಳಲಿಲ್ಲ.

ಅವರು ಹೋಗಿ ಮೂರು ವಾರಕ್ಕೆ ಮಗಳು ನನ್ನ ಹುಡುಕ್ಕೊಂಡು ಬಂದ್ಳು. "ಬನ್ನಿ ಅಣ್ಣ, ನೋಡಿ" ಅಂದ್ಳು. ಎದೆಮಟ್ಟದಲ್ಲಿ ಅದೇ ಕಲೆ. ಮೇಲೆ ಅಗಲ, ಕೆಳಗೆ ಧಾರೆ. ನಾನು ಮತ್ತೆ ಎಲ್ಲಾ ಬಿಚ್ಚಿ ನೋಡಿದೆ. ಸೂರು, ಪೈಪು, ಪಾಯ, ಜಲ್ಲಿ, ಮೇಲಿನ ಮನೆಯ ನಲ್ಲಿ, ಎಲ್ಲಾ. ಹದಿನೈದು ದಿನ ನೋಡಿದೆ. ಎಲ್ಲೂ ಏನೂ ಇಲ್ಲ. ನೆಲದ ನೀರು ನನಗೆ ಗೊತ್ತು, ಮುಗಿಲ ನೀರು ಗೊತ್ತು, ಉಸಿರಿನ ನೀರೂ ಗೊತ್ತು. ಆ ನೀರು ಎಲ್ಲಿಂದ ಬರತ್ತೆ ಅಂತ ಮೇಸ್ತ್ರಿಯಾಗಿ ನನಗೆ ಗೊತ್ತಿಲ್ಲ... ಮನುಷ್ಯನಾಗಿ ಗೊತ್ತು.

ಒಂದು ಸಲ ಕೇಳಿದೆ ಅವಳನ್ನ, "ಈ ಮನೆ ಬಿಟ್ಟು ಬೇರೆ ಕಡೆ ಹೋಗಬಾರದಾ ತಂಗಿ?" ಅಂತ. ನಕ್ಕಳು. "ಯಾಕೆ ಅಣ್ಣ? ಬದುಕಿದ್ದಾಗ ಅವರಿಬ್ಬರಿಗೂ ಕೆಲಸ ಬಿಟ್ಟು ಮಾತಾಡೋಕೆ ಪುರಸೊತ್ತೇ ಸಿಗಲಿಲ್ಲ. ದಿನಾ ಬೆಳಿಗ್ಗೆ ನಾನು ಒಂದು ಬಟ್ಟೆ ತಗೊಂಡು ಒರೆಸಿ ಕಿಟಕಿ ತೆಗೆದ್ರೆ ಹತ್ತು ನಿಮಿಷಕ್ಕೆ ಒಣಗತ್ತೆ." ಈಗ ಅವಳಿಗೂ ತಲೆ ಬೆಳ್ಳಗಾಗಿದೆ. ಈಗಲೂ ಅಲ್ಲೇ ಕೆಲಸ. ಕೆಮ್ಮಿಲ್ಲ, ಗಟ್ಟಿಮುಟ್ಟಾಗಿದ್ದಾಳೆ.

ಮೊನ್ನೆ ಗುರುವಾರ ಬೆಳಿಗ್ಗೆ ಆರೂವರೆಗೆ ಹೋಗಿದ್ದೆ, ದೋಣಿ ನೋಡೋಕೆ. ಕೋಣೆ ಬೀಗ ನನ್ನ ಕಣ್ಣೆದುರಿಗೇ ತೆಗೆದ್ಳು. ಒಳಗೆ ಯಾರೂ ಇಲ್ಲ, ಇನ್ನೊಂದು ಬಾಗಿಲೂ ಇಲ್ಲ. ಗೋಡೆ ಮೇಲೆ ನೀರು ಇನ್ನೂ ಇಳೀತಾನೇ ಇತ್ತು... ಧಾರೆ ನೆಲ ಮುಟ್ಟಿರಲಿಲ್ಲ. ಇಬ್ಬರೂ ಬಾಗಿಲಲ್ಲೇ ನಿಂತ್ವಿ. ಸ್ವಲ್ಪ ಹೊತ್ತಿಗೆ ಶುರುವಾಯ್ತು. ಕೆರ್... ಕೆರ್... ನಾನು ಒಳಗೆ ಕಾಲಿಡೋಕೆ ಹೋದೆ, ಅವಳು ನನ್ನ ತೋಳು ಹಿಡಿದು ನಿಲ್ಲಿಸಿದ್ಳು. "ಇರಿ ಅಣ್ಣ," ಅಂದ್ಳು ಪಿಸುಮಾತಲ್ಲಿ, "ಅವರದು ಮುಗೀಲಿ."

ನಂಬಬೇಕು ಅಂತ ನಾನು ಯಾರಿಗೂ ಹೇಳಲ್ಲ. ಆ ಮನೆ ಇಲ್ಲಿಂದ ನಾಲ್ಕು ಬೀದಿ ದಾಟಿದ್ರೆ ಸಿಗತ್ತೆ. ಬೇಕಾದ್ರೆ ನಾಳೆ ಕರ್ಕೊಂಡು ಹೋಗ್ತೀನಿ. ಆದ್ರೆ ಬೆಳಿಗ್ಗೆ ಏಳು ಗಂಟೆಗೆ ಮುಂಚೆ ಬರಬೇಕು... ಆಮೇಲೆ ಅವಳು ಒರೆಸಿಬಿಡ್ತಾಳೆ.